ಬೋಸ್ಟನ್ನಿನ ತ್ರಿಕೋನವೂ ಕಾರವಾರದ ಪೇಂಟರೂ

ಒಂದು ಬೋರ್ಡು ಬರೆಸುವುದಕ್ಕಾಗಿ ಶಿರಸಿಯಿಂದ ಕಾರವಾರದವರೆಗೆ ಈಗ ಯಾರೂ ಹೋಗುವುದಿಲ್ಲ. ಶಿರಸಿಯ ಪೇಟೆಯಲ್ಲೇ ಫ್ಲೆಕ್ಸ್ ಮುದ್ರಿಸುವ ಅಂಗಡಿಗಳು ಬೇಕಾದಷ್ಟಿವೆ. ಬೆಳಿಗ್ಗೆ ಹೆಸರು ಬರೆದುಕೊಟ್ಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಬೋರ್ಡು ಸಿದ್ಧ. ಕೇಳದಿದ್ದರೂ ಹಿನ್ನೆಲೆಯಲ್ಲಿ ಒಂದು ಜಲಪಾತ ಉಚಿತ. ಆದರೆ ನನ್ನ ಅಣ್ಣನ ಮಗ ರಜೆಗೆಂದು ಬೋಸ್ಟನ್ನಿನಿಂದ ಬಂದವನು, ತೋಟದ ಮನೆಯಲ್ಲಿ ಅಣ್ಣ ಹೊಸದಾಗಿ ಶುರುಮಾಡಿದ ಹೋಂಸ್ಟೇಗೆ ತಗಡಿನ ಮೇಲೆ ಕೈಯಿಂದ ಬರೆದ ಬೋರ್ಡೇ ಆಗಬೇಕೆಂದು ಹಟ ಹಿಡಿದ. ಶಿರಸಿಯ ನಮ್ಮ ಪರಿಚಯದ ಪೇಂಟರು ಕುಂಚ ಕೆಳಗಿಟ್ಟು ಮೊಬೈಲ್ ರೀಚಾರ್ಜ್ ಅಂಗಡಿ ಇಟ್ಟಿದ್ದಾರೆ. ಅವರೇ ಕಾರವಾರದ ಒಬ್ಬರ ನಂಬರು ಕೊಟ್ಟರು. ಅಣ್ಣನಿಗೆ ಇದೆಲ್ಲ ದುಡ್ಡು ದಂಡ ಎನ್ನಿಸಿತು. ನನಗೆ ಮೇ ತಿಂಗಳ ಕೊನೆಯಲ್ಲಿ ಮಳೆ ಹಿಡಿಯುವ ಮೊದಲು ಒಮ್ಮೆ ಕಡಲು ನೋಡುವ ನೆಪ ಸಿಕ್ಕಿತು, ಹೊರಟೆ.

ದೇವಿಮನೆ ಘಟ್ಟ ಇಳಿಯುವಾಗ ಅವನು ರಸ್ತೆ ಬದಿಯ ಬೋರ್ಡುಗಳನ್ನೇ ನೋಡುತ್ತಿದ್ದ. ಘಟ್ಟದಲ್ಲಿ ನೋಡಬೇಕಾದದ್ದು ಕಾಡು ಎಂದು ಹೇಳಿದೆ. "ಕಾಡು ಎಲ್ಲಿಗೂ ಹೋಗುವುದಿಲ್ಲ ಅತ್ತೆ, ಬೋರ್ಡು ಹೋಗುತ್ತದೆ" ಎಂದ. ಎರಡೂ ಹೋಗುತ್ತವೆ ಎಂದು ನಾನು ಅಲ್ಲಿಂದಲೇ ವಾದಕ್ಕಿಳಿಯಬಹುದಿತ್ತು, ತಿರುವುಗಳಲ್ಲಿ ಮಾತು ಬೇಡವೆಂದು ಸುಮ್ಮನಾದೆ.

ಈ ಬೋರ್ಡಿನ ಮರುಳು ಅವನಿಗೆ ಎಲ್ಲಿಂದ ಹತ್ತಿತು ಎಂಬುದು ಕುಮಟಾದಲ್ಲಿ ಈರುಳ್ಳಿ ಕೊಳ್ಳಲು ನಿಲ್ಲಿಸಿದಾಗ ತಿಳಿಯಿತು. ಬೇಸಿಗೆಯಲ್ಲಿ ಕುಮಟಾದ ಹೆದ್ದಾರಿ ಬದಿಯಲ್ಲಿ ಸಿಹಿ ಈರುಳ್ಳಿಯನ್ನು ಹೆಣೆದು ಗೊಂಚಲುಗಳಾಗಿ ತೂಗುಹಾಕುತ್ತಾರೆ. ಆ ಅಂಗಡಿಗಳಿಗೆ ಹೆಸರಿಲ್ಲ, ಬೋರ್ಡಿಲ್ಲ. ಕೆಂಪು ಗೊಂಚಲು ಕಂಡಲ್ಲಿ ಕಾರು ನಿಲ್ಲುತ್ತದೆ. ಇದಕ್ಕಿಂತ ಒಳ್ಳೆಯ ಜಾಹೀರಾತು ಯಾವುದಿದೆ ಎಂದು ಕೇಳಿದೆ. ಇದೆ ಎಂದು ಫೋನ್ ತೆಗೆದು ತೋರಿಸಿದ: ಕತ್ತಲ ಆಕಾಶಕ್ಕೆ ಎದುರಾಗಿ ಒಂದು ದೊಡ್ಡ ಬಿಳಿ ಚೌಕ, ಅದರೊಳಗೆ ಕೆಂಪು ತ್ರಿಕೋನ, ಕೆಳಗೆ ನೀಲಿ ಅಕ್ಷರಗಳಲ್ಲಿ ಸಿಟ್ಗೊ ಎಂಬ ಹೆಸರು.

ಅದು ಪೆಟ್ರೋಲ್ ಮಾರುವ ಕಂಪನಿಯ ಬೋರ್ಡು. ಬೋಸ್ಟನ್ನಿನ ಕೆನ್ಮೋರ್ ಚೌಕದಲ್ಲಿ ಒಂದು ಕಟ್ಟಡದ ತಾರಸಿಯ ಮೇಲಿದೆ. ಉದ್ದ ಅರವತ್ತು ಅಡಿ, ಎತ್ತರ ಅರವತ್ತು ಅಡಿ. 1940ರಲ್ಲಿ ಆ ಜಾಗದಲ್ಲಿ ಮೊದಲು ನಿಂತದ್ದು ಸಿಟೀಸ್ ಸರ್ವಿಸ್ ಎಂಬ ತೈಲ ಕಂಪನಿಯ ಹಸಿರು ಬಿಳಿ ಬೋರ್ಡು. ಕಂಪನಿ ತನ್ನ ಹೆಸರನ್ನು ಸಿಟ್ಗೊ ಎಂದು ಮೊಟಕು ಮಾಡಿಕೊಂಡ ಮೇಲೆ, 1965ರಲ್ಲಿ, ಈ ತ್ರಿಕೋನ ಬಂತು. ಎಂಟು ಕಿಲೋಮೀಟರಿಗೂ ಹೆಚ್ಚು ಉದ್ದದ ನಿಯಾನ್ ಕೊಳವೆ ಅದರ ಒಳಗಿತ್ತಂತೆ.

"ಅದರಲ್ಲಿ ಚೆಂದ ಏನಿದೆ?" ಎಂದೆ.

"ಚೆಂದ ಇಲ್ಲ. ಅಲ್ಲಿದೆ, ಅಷ್ಟೇ" ಎಂದ. ಈ ಏಪ್ರಿಲ್‌ನಲ್ಲಿ ಅವನು ಬೋಸ್ಟನ್ ಮ್ಯಾರಥಾನ್ ನೋಡಲು ಹೋಗಿದ್ದ. ನಲವತ್ತೆರಡು ಕಿಲೋಮೀಟರ್ ಓಡುವವರಿಗೆ ಆ ಬೋರ್ಡು ಬಹಳ ದೂರದಿಂದಲೇ ಕಾಣಲು ಶುರುವಾಗುತ್ತದೆ. ಎಷ್ಟು ಓಡಿದರೂ ಹತ್ತಿರ ಬರುವುದೇ ಇಲ್ಲವಂತೆ. ಕೊನೆಗೆ ಅದರ ಬುಡಕ್ಕೆ ಬಂದರೆ ಇನ್ನು ಒಂದೇ ಮೈಲಿ ಎಂದು ಅರ್ಥ. ಪಕ್ಕದಲ್ಲೇ ಫೆನ್ವೇ ಪಾರ್ಕ್ ಎಂಬ ಬೇಸ್‌ಬಾಲ್ ಮೈದಾನ. ಅಲ್ಲಿನ ಎಡಭಾಗದ ಎತ್ತರದ ಹಸಿರು ಗೋಡೆಯ ಮೇಲಿಂದ ಈ ತ್ರಿಕೋನ ಇಣುಕುತ್ತದೆ. ಪಂದ್ಯ ನೋಡುವವರ ಕಣ್ಣಿಗೆ ಇದು ಬೀಳದೆ ಹೋಗುವುದಿಲ್ಲ, ಟಿ.ವಿ.ಯಲ್ಲಿ ನೋಡಿದರೂ ಅಷ್ಟೇ. ಹಾಗಾಗಿ ಊರಿಗೆ ಹೊಸಬರು ಬಂದರೆ "ತ್ರಿಕೋನ ಎಡಗಡೆ ಇಟ್ಟುಕೊಂಡು ನಡೆ" ಎಂದು ಹೇಳಬಹುದು. ಅವನಿಗೂ ಮೊದಲ ವಾರ ಯಾರೋ ಹಾಗೆಯೇ ಹೇಳಿದ್ದರಂತೆ.

ಕುಮಟಾ ದಾಟಿ ಉತ್ತರಕ್ಕೆ ಹೋಗುವಾಗ ಕಥೆಯ ಉಳಿದ ಭಾಗ ಬಂತು. 1979ರಲ್ಲಿ ತೈಲದ ಬಿಕ್ಕಟ್ಟಿನ ಕಾಲ. ಆ ರಾಜ್ಯದ ಗವರ್ನರ್ ಎಡ್ವರ್ಡ್ ಕಿಂಗ್, ಜನ ಮನೆಯಲ್ಲಿ ಒಂದೊಂದು ಬಲ್ಬು ಆರಿಸುತ್ತಿರುವಾಗ ಇಷ್ಟು ದೊಡ್ಡ ಬೋರ್ಡು ಉರಿಯುವುದು ಸರಿಯಲ್ಲವೆಂದು ಅದನ್ನು ಆರಿಸಿಸಿದರು. ಪೆಟ್ರೋಲ್ ಕಂಪನಿಯ ದೀಪವನ್ನೇ ಪೆಟ್ರೋಲ್ ಬಿಕ್ಕಟ್ಟು ನುಂಗಿತು. ಬೋರ್ಡು ನಾಲ್ಕು ವರ್ಷ ಕತ್ತಲಲ್ಲಿ ನಿಂತು ಹಾಳಾಯಿತು. ಕಂಪನಿ ಅದನ್ನು ಬಿಚ್ಚಲು ಕೂಲಿಗಳನ್ನು ಕಳಿಸಿದಾಗ ಊರಿನವರು ಅಡ್ಡ ಬಂದರು. ವಿಷಯ ನಗರದ ಪಾರಂಪರಿಕ ಆಯೋಗದವರೆಗೆ ಹೋಯಿತು. ಕಂಪನಿ ಕೆಡವುವ ಬದಲು ದುರಸ್ತಿ ಮಾಡಿಸಿತು. 1983ರ ಆಗಸ್ಟ್‌ನಲ್ಲಿ ದೀಪ ಮತ್ತೆ ಹತ್ತಿತು.

ನನಗೆ ನಗು ಬಂತು. ನಮ್ಮಲ್ಲಿ 1974ರಲ್ಲಿ ಎಸ್ಸೊ ಕಂಪನಿ ಸರ್ಕಾರದ ಪಾಲಾಯಿತು, 1976ರಲ್ಲಿ ಬರ್ಮಾ ಶೆಲ್. ಬಂಕುಗಳ ಬೋರ್ಡು ಬದಲಾದವು. ಯಾರೂ ಅಡ್ಡ ಬರಲಿಲ್ಲ. ಹಳೆಯ ತಗಡು ಎಲ್ಲಿ ಹೋಯಿತೋ, ಯಾರ ದನದ ಕೊಟ್ಟಿಗೆಗೆ ಮಾಡಾಯಿತೋ. ಇದನ್ನು ಹೇಳಿದಾಗ ಅವನು ಇನ್ನೊಂದು ಸ್ವಾರಸ್ಯ ಹೇಳಿದ: ಸಿಟ್ಗೊ ಕಂಪನಿಯನ್ನು 1990ರ ಹೊತ್ತಿಗೆ ವೆನೆಜುವೆಲಾ ದೇಶದ ಸರ್ಕಾರಿ ತೈಲ ಸಂಸ್ಥೆ ಪೂರ್ತಿ ಕೊಂಡುಕೊಂಡಿತ್ತು. 2006ರಲ್ಲಿ ಆ ದೇಶದ ಅಧ್ಯಕ್ಷ ಚಾವೆಜ್ ವಿಶ್ವಸಂಸ್ಥೆಯಲ್ಲಿ ಅಮೆರಿಕದ ಅಧ್ಯಕ್ಷರನ್ನು ಸೈತಾನ ಎಂದು ಕರೆದಾಗ, ಬೋಸ್ಟನ್ನಿನ ನಗರಸಭೆಯ ಸದಸ್ಯರೊಬ್ಬರು ಈ ಬೋರ್ಡು ತೆಗೆಯಿರಿ ಎಂದರು. ಬೋರ್ಡು ಅಲ್ಲಾಡಲಿಲ್ಲ. ಬಯ್ದವನು ಯಾರೋ, ಬೋರ್ಡು ನಮ್ಮದು ಎಂಬ ಲೆಕ್ಕ.

ಈ "ನಮ್ಮದು" ಎಂಬುದರಲ್ಲಿಯೇ ನನಗೆ ತಕರಾರು. ತಗಡು ಕಂಪನಿಯದು, ಕಟ್ಟಡ ಇನ್ನೊಬ್ಬರದು, ವಿದ್ಯುತ್ ಬಿಲ್ಲು ಊರಿನವರು ಕಟ್ಟುವುದಿಲ್ಲ. ಮತ್ತೆ ಊರಿನವರದು ಏನು? ಗಂಗಾವಳಿ ಹೊಳೆಯ ಬದಿಗೆ ಬರುವವರೆಗೂ ನಾವಿಬ್ಬರೂ ಇದನ್ನೇ ಎಳೆದಾಡಿದೆವು. ಶಿರೂರು ಬಂದಾಗ ಇಬ್ಬರೂ ಮಾತು ನಿಲ್ಲಿಸಿದೆವು. 2024ರ ಜುಲೈ 16ರಂದು ಇಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ, ಲಾರಿಗಳನ್ನೂ, ರಸ್ತೆ ಬದಿಯ ಚಹಾ ಹೋಟೆಲನ್ನೂ ಅದರ ಜನರನ್ನೂ ಹೊಳೆಗೆ ತಳ್ಳಿತು. ದೂರದ ಲಾರಿ ಚಾಲಕರು ಆ ಹೋಟೆಲನ್ನು ನೋಡಿ ಗಾಡಿ ನಿಲ್ಲಿಸುತ್ತಿದ್ದರು. ಈಗ ಕೆಂಪು ಮಣ್ಣಿನ ಬೋಳು ಗುಡ್ಡವೇ ಗುರುತು. ಕಾರು ನಿಧಾನ ಮಾಡಿ ದಾಟಿದೆವು.

ಅಂಕೋಲೆಯಲ್ಲಿ ಇಶಾಡು ಮಾವಿನ ಹಣ್ಣು ಕೊಂಡೆವು. ಅದರ ಬಗ್ಗೆ ಬರೆಯಲು ಕೂತರೆ ಈ ಲೇಖನ ಕಾರವಾರ ತಲುಪುವುದಿಲ್ಲ. ಅರ್ಗಾದ ಹತ್ತಿರ ನೌಕಾನೆಲೆಯ ಗೋಡೆ ಉದ್ದಕ್ಕೂ ಸಾಗುತ್ತದೆ. ಬೋರ್ಡುಗಳೆಲ್ಲ ಪ್ರವೇಶ ನಿಷೇಧದವು. ಬಿಣಗಾದ ಸುರಂಗ ದಾಟಿದರೆ ಕಾರವಾರ.

ಸಂಜೆ ಟಾಗೋರ್ ಕಡಲತೀರದಲ್ಲಿ ಕೂತೆವು. ದಡದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತ ಹಳೆಯ ಯುದ್ಧನೌಕೆ ಚಪಲದ ಹತ್ತಿರ ಮಕ್ಕಳ ಗದ್ದಲ, ಚುರುಮುರಿಯ ಗಾಡಿಗಳಿಗೆ ಸುತ್ತಿದ ಬಣ್ಣದ ಎಲ್‌ಇಡಿ ಪಟ್ಟಿಗಳು. ಕತ್ತಲಾದ ಮೇಲೆ ದೂರದ ದೇವಗಡ ದ್ವೀಪದಿಂದ ದೀಪಸ್ತಂಭದ ಬೆಳಕು ಬೀಸಿತು. ಓಯಿಸ್ಟರ್ ರಾಕ್ ದೀಪಸ್ತಂಭ ಎಂದು ನಾವಿಕರ ನಕ್ಷೆಯಲ್ಲಿರುವುದು ಇದೇ. 1864ರಿಂದ ಅಲ್ಲಿ ದೀಪವಿದೆ. ಅದಕ್ಕೆ ಎರಡು ವರ್ಷ ಮೊದಲಷ್ಟೇ, 1862ರಲ್ಲಿ, ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರು. ಕಾರವಾರವನ್ನು ಹತ್ತಿ ಸಾಗಿಸುವ ದೊಡ್ಡ ಬಂದರು ಮಾಡುವ ಕನಸು ಆಗಿನದು. ಹತ್ತಿಯ ಹಡಗುಗಳ ಕನಸು ಹೋಯಿತು, ದೀಪ ಉಳಿಯಿತು.

ಪ್ರತಿ ದೀಪಸ್ತಂಭಕ್ಕೂ ತನ್ನದೇ ಮಿನುಗಿನ ಲೆಕ್ಕವಿರುತ್ತದೆ, ಎಷ್ಟು ಸೆಕೆಂಡಿಗೆ ಎಷ್ಟು ಸಲ ಎಂದು. ಕತ್ತಲಲ್ಲಿ ನಾವಿಕ ಅದನ್ನು ಎಣಿಸಿ ಯಾವ ಊರೆಂದು ತಿಳಿಯುತ್ತಾನೆ. ನಾನು ಶಾಲೆಯಲ್ಲಿ ಭೂಗೋಳ ಕಲಿಸುವಾಗ ಮಕ್ಕಳಿಗೆ ಹೇಳುತ್ತಿದ್ದ ಸಂಗತಿ ಇದು. ಅಣ್ಣನ ಮಗ ಕೂಡಲೇ ಹಿಡಿದ: "ಸಿಟ್ಗೊ ಕೂಡ ಹಾಗೆಯೇ ಅತ್ತೆ. ಮೊದಲು ತ್ರಿಕೋನ ಕೆಳಗಿನಿಂದ ತುಂಬುತ್ತಾ ಬರುತ್ತದೆ, ಆಮೇಲೆ ಎಲ್ಲ ಆರುತ್ತದೆ, ಮತ್ತೆ ಶುರು. ಚಾರ್ಲ್ಸ್ ಹೊಳೆಯಲ್ಲಿ ದೋಣಿ ಹುಟ್ಟು ಹಾಕುವಾಗ ಅದನ್ನೇ ನೋಡುತ್ತಾ ಬರುತ್ತೇವೆ." ಆಗ ನನ್ನ ತಕರಾರು ಸ್ವಲ್ಪ ಸಡಿಲವಾಯಿತು ಎನ್ನಬೇಕು. ದೀಪಸ್ತಂಭ ಸರ್ಕಾರದ್ದು, ಆದರೆ ಅದರ ಲೆಕ್ಕ ನಾವಿಕನದು. ಮಾರಲು ಹಾಕಿದ ಬೋರ್ಡನ್ನು ಜನ ದಾರಿ ಹುಡುಕಲು ಬಳಸತೊಡಗಿದರೆ, ಅಲ್ಲಿಂದಾಚೆ ಕಂಪನಿ ಅದನ್ನು ತನ್ನ ಇಷ್ಟಕ್ಕೆ ಬಿಚ್ಚುವಂತಿಲ್ಲ. ಬೋಸ್ಟನ್ನಿನವರು ಪೆಟ್ರೋಲನ್ನು ಪ್ರೀತಿಸಿದ್ದಲ್ಲ. ತಮ್ಮ ವಿಳಾಸವನ್ನು ಕಾಪಾಡಿಕೊಂಡದ್ದು.

ಆದರೂ ಒಂದು ಪ್ರಶ್ನೆ ಉಳಿಯಿತು. 2005ರಲ್ಲಿ ಆ ಬೋರ್ಡಿನ ನಿಯಾನ್ ಕೊಳವೆಗಳನ್ನೆಲ್ಲ ತೆಗೆದು ಎಲ್‌ಇಡಿ ಹಾಕಿದರು. ಅಂದರೆ ಜನ ಪ್ರೀತಿಸುವ ಆ ನಿಯಾನ್ ಬೋರ್ಡಿನಲ್ಲಿ ಈಗ ನಿಯಾನ್ ಇಲ್ಲ. ಹಾಗಾದರೆ ಉಳಿದದ್ದು ಏನು? ಅವನಿಗೆ ಇದು ದೊಡ್ಡ ವಿಷಯವೇ ಅಲ್ಲ. ಕಾರವಾರದ ಪೇಂಟರಿಗೆ ಮಾತ್ರ ಇದು ದೊಡ್ಡ ವಿಷಯವಾಗಿತ್ತು.

ಅವರ ಕೆಲಸದ ಜಾಗ ಬೈತಖೋಲ ಬಂದರಿಗೆ ಹೋಗುವ ದಾರಿಯಲ್ಲಿ, ಹಂಚಿನ ಮಾಡಿನ ಒಂದು ಚಾವಡಿ. ಒಳಗೆ ಎನಾಮೆಲ್ ಬಣ್ಣದ ಡಬ್ಬಿಗಳು, ಟರ್ಪೆಂಟೈನ್ ವಾಸನೆ, ಗೋಡೆಗೆ ಒರಗಿಸಿದ ತಗಡುಗಳು. ಮನೆಮಾತು ಕೊಂಕಣಿ; ಕನ್ನಡ, ಮರಾಠಿ, ಇಂಗ್ಲಿಷು, ಹಿಂದಿ ನಾಲ್ಕರಲ್ಲೂ ಬರೆಯುತ್ತಾರೆ. ನಾನು ಮಾಸ್ತರಿಕೆ ಮಾಡಿದವಳೆಂದು ತಿಳಿದ ಮೇಲೆ "ಬನ್ನಿ ಅಕ್ಕೋರೆ" ಎಂದು ಸ್ಟೂಲು ಒರೆಸಿ ಕೊಟ್ಟರು. ನಮ್ಮ ಜಿಲ್ಲೆಯಲ್ಲಿ ಶಾಲೆಗೆ ನಿವೃತ್ತಿ ಇದೆ, ಅಕ್ಕೋರಿಗೆ ಇಲ್ಲ.

ಅಂಗಡಿಗಳ ಬೋರ್ಡು ಬರೆಯುವ ಕೆಲಸ ನಿಂತು ವರ್ಷಗಳಾದವಂತೆ. ಜೀವನ ನಡೆಯುವುದು ದೋಣಿಗಳಿಂದ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ದೋಣಿಗಳನ್ನು ದಡಕ್ಕೆ ಎಳೆದು ದುರಸ್ತಿ ಮಾಡುತ್ತಾರೆ, ಹೊಸ ಬಣ್ಣ ಬಳಿಯುತ್ತಾರೆ, ಹೆಸರು ಮತ್ತು ನೋಂದಣಿ ಸಂಖ್ಯೆ ಬರೆಸುತ್ತಾರೆ. "ದೋಣಿಗೆ ಫ್ಲೆಕ್ಸ್ ಕಟ್ಟಲು ಬರುವುದಿಲ್ಲ ಅಕ್ಕೋರೆ. ಒಂದು ತೆರೆಗೆ ಹರಿದು ಹೋಗುತ್ತದೆ" ಎಂದರು. ಸಮುದ್ರ ಅವರ ಕಸುಬನ್ನು ಉಳಿಸಿದೆ.

ಅಣ್ಣನ ಮಗ ಫೋನಿನಲ್ಲಿ ತ್ರಿಕೋನ ತೋರಿಸಿದ. ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿ, "ಇದು ಟ್ಯೂಬ್ ಅಲ್ಲ" ಎಂದರು. ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿ ನೋಡಿಯೂ ನಮಗೆ ತಿಳಿಯದ್ದನ್ನು ಅವರು ಹೇಗೆ ಹೇಳಿದರು? ಹುಡುಗನಾಗಿದ್ದಾಗ ಹುಬ್ಬಳ್ಳಿಯ ಒಂದು ನಿಯಾನ್ ಕಾರ್ಖಾನೆಯಲ್ಲಿ ಕೈಯಾಳಾಗಿದ್ದರಂತೆ. ಸಿನೆಮಾ ಟಾಕೀಸುಗಳ ಹೆಸರು, ಲಾಡ್ಜುಗಳ ಹೆಸರು, ಬಟ್ಟೆ ಅಂಗಡಿಗಳ ಹೆಸರು ಅಲ್ಲಿ ತಯಾರಾಗುತ್ತಿದ್ದವು. ಕೆಲಸವನ್ನು ಅವರು ಗಾಳಿಯಲ್ಲಿ ಕೈಯಾಡಿಸಿ ತೋರಿಸಿದರು. ನೆಲದ ಮೇಲೆ ಅಕ್ಷರವನ್ನು ಉಲ್ಟಾ ಬರೆದುಕೊಳ್ಳಬೇಕು. ಗಾಜಿನ ಕೊಳವೆಯನ್ನು ಉರಿಯ ಮೇಲೆ ತಿರುಗಿಸುತ್ತಾ ಮೆದು ಮಾಡಿ ಆ ಗೆರೆಯ ಮೇಲೆ ಬಗ್ಗಿಸಬೇಕು. ಬಗ್ಗಿದಲ್ಲಿ ಕೊಳವೆ ಚಪ್ಪಟೆಯಾಗದ ಹಾಗೆ ರಬ್ಬರ್ ನಳಿಕೆಯಿಂದ ಬಾಯಲ್ಲಿ ಮೆಲ್ಲಗೆ ಊದುತ್ತಿರಬೇಕು. ಎರಡು ತುದಿಗೂ ಎಲೆಕ್ಟ್ರೋಡು ಕೂಡಿಸಿ, ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು, ಅನಿಲ ತುಂಬಿ ಮುಚ್ಚಬೇಕು. ನಿಯಾನ್ ತುಂಬಿದರೆ ಕೆಂಪು ಕಿತ್ತಳೆ. ಆರ್ಗಾನ್ ಜೊತೆ ಒಂದು ಹನಿ ಪಾದರಸ ಬಿಟ್ಟರೆ ನೀಲಿ. ಉಳಿದ ಬಣ್ಣಗಳಿಗೆ ಕೊಳವೆಯ ಒಳಗೋಡೆಗೆ ಪುಡಿ ಹಚ್ಚಿರುತ್ತಾರೆ. ಹತ್ತಿಸಲು ಸಾವಿರಗಟ್ಟಲೆ ವೋಲ್ಟಿನ ಟ್ರಾನ್ಸ್‌ಫಾರ್ಮರ್ ಬೇಕು. "ಅಕ್ಷರ ಬರೆಯುವುದಲ್ಲ, ಅಕ್ಷರ ಊದುವುದು" ಎಂದರು.

ಈ ಅನಿಲವನ್ನು ರಾಮ್ಸೆ ಮತ್ತು ಟ್ರಾವರ್ಸ್ ಲಂಡನ್ನಿನಲ್ಲಿ 1898ರಲ್ಲಿ ದ್ರವಗಾಳಿಯಿಂದ ಬೇರ್ಪಡಿಸಿದರು. 1910ರಲ್ಲಿ ಜಾರ್ಜ್ ಕ್ಲೋದ್ ಪ್ಯಾರಿಸ್ಸಿನಲ್ಲಿ ಅದರ ದೀಪವನ್ನು ಪ್ರದರ್ಶಿಸಿದ. ಇದನ್ನು ಪುಸ್ತಕದಲ್ಲಿ ಓದಿದ್ದ ನಾನು ಮಕ್ಕಳಿಗೆ ಹೇಳಿಯೂ ಇದ್ದೆ. ಬಾಯಲ್ಲಿ ಊದಿ ಮಾಡುತ್ತಾರೆಂದು ಮಾತ್ರ ಯಾವ ಪುಸ್ತಕವೂ ಹೇಳಿರಲಿಲ್ಲ.

ಕಾರವಾರದಲ್ಲಿ ಯಾಕೆ ನಿಯಾನ್ ನಿಲ್ಲಲಿಲ್ಲ ಎಂಬುದಕ್ಕೆ ಅವರ ಉತ್ತರ ಚಿಕ್ಕದು: ಉಪ್ಪುಗಾಳಿ ಮತ್ತು ಮಳೆ. ತಗಡಿನ ಪೆಟ್ಟಿಗೆ ತುಕ್ಕು ಹಿಡಿಯುತ್ತದೆ, ತಂತಿಯ ಜೋಡಣೆಗೆ ತೇವ ಇಳಿಯುತ್ತದೆ, ಅಷ್ಟು ವೋಲ್ಟು ಎಲ್ಲೆಂದರಲ್ಲಿ ಸೋರುತ್ತದೆ. ಜೂನ್ ಬಂತೆಂದರೆ ಅರ್ಧ ಹೆಸರು ಉರಿಯುತ್ತದೆ, ಅರ್ಧ ಆರುತ್ತದೆ. ಎಲ್‌ಇಡಿಗೆ ಆ ಕಷ್ಟವಿಲ್ಲ ಎಂದು ಅವರೇ ಒಪ್ಪಿದರು. ಆದರೆ ಬೋಸ್ಟನ್ನಿನ ಬೋರ್ಡಿನ ಬಗ್ಗೆ ಅವರ ತೀರ್ಪು ಕಠಿಣ: "ಟ್ಯೂಬ್ ತೆಗೆದ ಮೇಲೆ ಅದು ಬೇರೆ ಬೋರ್ಡು. ಹಳೆಯದರ ಫೋಟೋ ಹಾಕಿದ ಹಾಗೆ."

ಅಣ್ಣನ ಮಗ ಬಿಡಲಿಲ್ಲ. 2018ರಲ್ಲಿ ಬೋಸ್ಟನ್ನಿನ ಆಯೋಗ ಆ ಬೋರ್ಡಿಗೆ ಪಾರಂಪರಿಕ ಸ್ಥಾನ ಕೊಡಬೇಕೆಂದು ಮತ ಹಾಕಿತ್ತು, ಎಲ್‌ಇಡಿ ಎಂದು ಗೊತ್ತಿದ್ದೂ. ಮೇಯರ್ ಮಾರ್ಟಿ ವಾಲ್ಷ್ ಅದನ್ನು ತಳ್ಳಿಹಾಕಿದರು. ಕಟ್ಟಡದ ಮಾಲೀಕರೂ ಕಂಪನಿಯೂ ಬೋರ್ಡನ್ನು ಉಳಿಸಿಕೊಳ್ಳಲು ಒಪ್ಪಂದ ಮಾಡಿಕೊಂಡಿದ್ದಾರೆ, ಕಾನೂನು ಬೇಡ ಎಂಬುದು ಮೇಯರರ ವಾದ. ಪೇಂಟರು ಇದನ್ನೆಲ್ಲ ಕೇಳಿ, "ಹೆಸರು ಬದಲಾಗದೆ ದೋಣಿಯ ಹಲಗೆ ಎಲ್ಲ ಬದಲಾಗುತ್ತದೆ. ದೋಣಿ ಅದೇ ಅಂತಾರೆ. ಆದರೆ ದೋಣಿ ನೀರಿನಲ್ಲಿ ಹೋಗಬೇಕು, ಬೋರ್ಡು ಬರೇ ಕಾಣಬೇಕು. ಕಾಣುವುದಕ್ಕೇ ಇರುವುದರ ಬೆಳಕು ಬದಲಾದರೆ ಉಳಿಯುವುದೇನು?" ಎಂದರು. ತರ್ಕಶಾಸ್ತ್ರದವರು ಇದನ್ನು ನೂರಾರು ಪುಟಗಳಲ್ಲಿ ಚರ್ಚಿಸಿದ್ದಾರೆ. ಇಲ್ಲಿ ಅದು ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ಆಯಿತು. ನಾನು ಅವರ ಪಕ್ಷಕ್ಕೆ ವಾಲಿದೆನಾದರೂ ಮನಸ್ಸು ಪೂರ್ತಿ ಒಪ್ಪಲಿಲ್ಲ. ಓಡಿ ಓಡಿ ಕಾಲು ಸೋತವನಿಗೆ ತ್ರಿಕೋನದೊಳಗೆ ನಿಯಾನ್ ಇದೆಯೋ ಎಲ್‌ಇಡಿ ಇದೆಯೋ ಎಂದು ಏನಾಗಬೇಕು? ಒಂದೇ ಮೈಲಿ ಉಳಿದಿದೆ ಎಂದು ತಿಳಿದರೆ ಸಾಕು.

ನಮ್ಮ ಬೋರ್ಡಿನ ಮಾತು ಆಮೇಲೆ. ಹೋಂಸ್ಟೇಯ ಹೆಸರು ಉದ್ದವಾಯಿತು ಎಂದು ಅರ್ಧ ಕತ್ತರಿಸಿದರು. ಅಡಿಯಲ್ಲಿ ಫೋನ್ ನಂಬರು, ಇಮೇಲು, ಅಪ್ಪೆಹುಳಿ ತೊಡೆದೇವುಗಳ ಪಟ್ಟಿ ಬೇಕೆಂದು ಅಣ್ಣ ಬರೆದುಕೊಟ್ಟಿದ್ದ ಚೀಟಿಯನ್ನು ಓದಿ ಮಡಚಿ ವಾಪಸ್ಸು ಕೊಟ್ಟರು. "ಬಸ್ಸಿನಲ್ಲಿ ಕೂತವನಿಗೆ ಮೂರು ಶಬ್ದ ಓದುವಷ್ಟು ಹೊತ್ತು ಸಿಗುತ್ತದೆ. ನಾಲ್ಕನೆಯದು ನಿಮ್ಮ ದುಡ್ಡು ನಷ್ಟ." ಹಳದಿ ನೆಲ, ಕಪ್ಪು ಅಕ್ಷರ ಎಂದು ತೀರ್ಮಾನವಾಯಿತು. ನೂಲಿಗೆ ಬಣ್ಣದ ಪುಡಿ ಹಚ್ಚಿ ತಗಡಿನ ಮೇಲೆ ಎಳೆದು ಬಿಟ್ಟು, ಕ್ಷಣದಲ್ಲಿ ನೆಟ್ಟಗೆ ಎರಡು ಗೆರೆ ಮೂಡಿಸಿದರು. ಬರೆಯುವುದು ಮಾತ್ರ ಬಿಸಿಲು ಇರುವಾಗಲೇ. ಮಳೆಗಾಲದಲ್ಲಿ ಎಣ್ಣೆಬಣ್ಣ ಒಣಗುವುದಿಲ್ಲ, ಜುಲೈಯಲ್ಲಿ ದೋಣಿಯವರ ಸರದಿ. ಆ ವಾರದಲ್ಲೇ ಮುಗಿಸಿ ಬಸ್ಸಿಗೆ ಹಾಕುತ್ತೇನೆ ಎಂದರು.

ಹಿಂದಿರುಗುವಾಗ ಕದ್ರಾ, ಕೈಗಾ, ಯಲ್ಲಾಪುರದ ದಾರಿ ಹಿಡಿದೆವು. ಕಾಳಿ ನದಿಯ ದಂಡೆಯಲ್ಲಿ ಸಾಗುವ ಈ ರಸ್ತೆಯಲ್ಲಿ ಅಂಗಡಿ ಬೋರ್ಡುಗಳು ಕಡಿಮೆ, ಹೈಟೆನ್ಷನ್ ಗೋಪುರಗಳು ಹೆಚ್ಚು. ಸೂಪಾ, ಕೊಡಸಳ್ಳಿ, ಕದ್ರಾ ಎಂದು ಇದೊಂದೇ ನದಿಗೆ ಸಾಲು ಅಣೆಕಟ್ಟು. ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಅಣುಘಟಕಗಳು; ಅದರಲ್ಲಿ ಮೊದಲನೆಯದು 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಿಲ್ಲದೆ ಓಡಿ ಆಗ ವಿಶ್ವದಾಖಲೆ ಮಾಡಿತ್ತು. ಬೆಂಗಳೂರಿನ ಮಾಲುಗಳ ಮುಖಕ್ಕೆ ಹತ್ತುವ ಬೆಳಕಿನಲ್ಲಿ ಒಂದಷ್ಟು ಪಾಲು ಈ ಕಾಡಿನದು. ಮುಳುಗಡೆಯಾಗಿ ಎದ್ದು ಹೋದವರ ಊರುಗಳ ಹೆಸರಿಗೆ ಒಂದು ತಗಡಿನ ಬೋರ್ಡಾದರೂ ಇದೆಯೇ ಎಂದು ಅವನು ಕೇಳಿದ. ದಾರಿಯುದ್ದಕ್ಕೂ ನೋಡಿದೆವು, ನಮಗೆ ಕಂಡದ್ದು ವೇಗಮಿತಿಯ ಬೋರ್ಡುಗಳು.

ಯಲ್ಲಾಪುರದಲ್ಲಿ ಚಹಾ ಕುಡಿಯುತ್ತಿದ್ದಾಗ ಪೇಂಟರ ಫೋನ್ ಬಂತು.

"ಅಕ್ಕೋರೆ, ಬಾಣದ ಗುರುತು ಎಡಕ್ಕೋ ಬಲಕ್ಕೋ?"

ಅಣ್ಣನಿಗೆ ಫೋನ್ ಹಚ್ಚಿದೆವು. ಬೋರ್ಡು ರಸ್ತೆಯ ಯಾವ ಬದಿಗೆ ನಿಲ್ಲಬೇಕೆಂದು ಅವನಿನ್ನೂ ಯೋಚಿಸಿರಲಿಲ್ಲ. ಶಿರಸಿಯಿಂದ ಬರುವವರಿಗೆ ತೋಟದ ದಾರಿ ಎಡಕ್ಕೆ, ಯಲ್ಲಾಪುರದಿಂದ ಬರುವವರಿಗೆ ಬಲಕ್ಕೆ. ಗಿರಾಕಿ ಯಾವ ಕಡೆಯಿಂದ ಹೆಚ್ಚು ಎಂದು ಅತ್ತಿಗೆಯೂ ಅವನೂ ಫೋನಿನಲ್ಲೇ ಚರ್ಚೆಗಿಳಿದರು. ಪೇಂಟರಿಗೆ ಮತ್ತೆ ಫೋನ್ ಮಾಡಿ, ಎರಡೂ ಮುಖಕ್ಕೆ ಬರೆಯಿರಿ, ಒಂದರಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಎಂದೆ.

"ಎರಡು ಮುಖ ಅಂದರೆ ಎರಡು ಬೋರ್ಡಿನ ಲೆಕ್ಕ" ಎಂದರು. ಅಣ್ಣನ ಮಗ ಫೋನ್ ಕಸಿದುಕೊಂಡು ಚೌಕಾಸಿಗೆ ಶುರುಮಾಡಿದ.